ಪಿಕಪ್ಪಿನ ಡೀಸೆಲ್ ಎಲ್ಲಿ ಹೋಯಿತು?

ಕೋಲಾರದ ಸುತ್ತಿನ ಹಳ್ಳಿಗಳಿಂದ ಬೆಂಗಳೂರಿನ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಪಿಕಪ್ ವಾಹನವೊಂದನ್ನು ಕಲ್ಪಿಸಿಕೊಳ್ಳಿ. ಹೋಗಿ ಬರಲು ದಿನಕ್ಕೆ 140 ಕಿಲೋಮೀಟರ್. ತಿಂಗಳಲ್ಲಿ 25 ದಿನ ಬಾಡಿಗೆ ಸಿಕ್ಕರೆ 3,500 ಕಿಲೋಮೀಟರ್. ಲೀಟರಿಗೆ 14 ಕಿಲೋಮೀಟರ್ ಓಡುತ್ತಿದ್ದ ಗಾಡಿ 12ಕ್ಕೆ ಇಳಿಯಿತೆಂದುಕೊಳ್ಳಿ. ಎರಡೇ ಕಿಲೋಮೀಟರ್ ತಾನೆ ಎನ್ನಿಸಬಹುದು. ಆದರೆ 250 ಲೀಟರ್ ಸಾಕಾಗುತ್ತಿದ್ದ ಕಡೆ ಈಗ ಸುಮಾರು 292 ಲೀಟರ್ ಬೇಕು. ಡೀಸೆಲ್ ಬೆಲೆ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಹೆಚ್ಚುಕಡಿಮೆ 3,750 ರೂಪಾಯಿ ನಷ್ಟ. ಸಾಲದ ಕಂತು ಕಟ್ಟುತ್ತ ಮಕ್ಕಳನ್ನು ಓದಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಇಂಥ ಹೊತ್ತಿನಲ್ಲಿ ಗಾಡಿಯ ಮಾಲೀಕನಿಗೆ ಸಲಹೆಗಳಿಗೇನೂ ಕೊರತೆಯಿಲ್ಲ. ನಾಜಲ್ ಬದಲಿಸು, ಪಂಪ್ ಬಿಚ್ಚಿಸು ಎನ್ನುವವರೇ ಎಲ್ಲ. ಆದರೆ ಹಣ ಸುರಿಯುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದೇ ಅಳತೆ.

ಟ್ಯಾಂಕ್ ಭರ್ತಿ ಮಾಡಿಸಿ ಮೀಟರಿನ ಅಂಕಿ ಬರೆದಿಡಬೇಕು. ಮೂರು ದಿನ ಎಂದಿನಂತೆ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಭರ್ತಿ ಮಾಡಿಸಬೇಕು. 420 ಕಿಲೋಮೀಟರಿಗೆ 35 ಲೀಟರ್ ಹಿಡಿಸಿದರೆ ಮೈಲೇಜ್ 12. ಡ್ಯಾಶ್‌ಬೋರ್ಡಿನ ಮುಳ್ಳು ನೋಡಿ ಅಂದಾಜು ಮಾಡಿದರೆ ಸಾಲದು. ಒಂದೇ ಸಲದ ಲೆಕ್ಕವನ್ನೂ ನಂಬಬಾರದು. ಎರಡು ಮೂರು ಸಲದ ಸರಾಸರಿ ಬೇಕು. ಹೊರೆ, ದಾರಿ, ವೇಗ ಬದಲಾಗಿವೆಯೇ ಎಂದೂ ನೋಡಬೇಕು. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 60 ಕಿಲೋಮೀಟರ್ ಬದಲು 80ರಲ್ಲಿ ಓಡಿಸಿದರೆ ಆ ಪ್ರತಿರೋಧ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ಆಗ ದೋಷ ಗಾಡಿಯದಲ್ಲ, ಚಾಲಕನ ಬಲಗಾಲಿನದು!

ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂಬುದು ಹೈಸ್ಕೂಲಿನ ಪಾಠ. ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಮಾತ್ರ ಗಾಡಿಯನ್ನು ಎಳೆಯುವ ಕೆಲಸವಾಗುತ್ತದೆ. ಉಳಿದದ್ದರಲ್ಲಿ ಬಹುಪಾಲು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಶಾಖವಾಗಿ ಹೊರಬೀಳುತ್ತದೆ. ಆದ್ದರಿಂದ ಇಂಧನ ಹೆಚ್ಚು ಖರ್ಚಾಗುತ್ತಿದ್ದರೆ, ಇರಬಾರದ ಕಡೆ ಶಾಖ ಹುಟ್ಟುತ್ತಿದೆಯೇ ಎಂದು ಹುಡುಕುವುದು ಜಾಣತನ.

ಹುಡುಕಾಟವನ್ನು ಕಾಸಿಲ್ಲದ ಪರೀಕ್ಷೆಗಳಿಂದ ಆರಂಭಿಸಬೇಕು. ಗಾಳಿ ಕಡಿಮೆಯಿರುವ ಟೈರು ಸುತ್ತು ಸುತ್ತಿಗೂ ಹೆಚ್ಚು ಬಾಗಿ ಬಿಸಿಯಾಗುತ್ತದೆ. ಆ ಬಿಸಿಗೆ ಡೀಸೆಲ್ಲೇ ಬೆಲೆ ತೆರಬೇಕು. ಟೈರು ತಣ್ಣಗಿರುವಾಗ, ತಯಾರಕರು ಸೂಚಿಸಿದಷ್ಟು ಗಾಳಿ ಹಾಕಿಸಬೇಕು. ಮುಂದಿನ ಮತ್ತು ಹಿಂದಿನ ಟೈರುಗಳಿಗೆ ಈ ಅಳತೆ ಬೇರೆ ಬೇರೆ ಇರಬಹುದು.

ಮುಂದಿನ ಸರದಿ ಬ್ರೇಕಿನದು. ಬ್ರೇಕ್ ಪೂರ್ತಿ ಬಿಡದೆ ಹಿಡಿದುಕೊಂಡಿದ್ದರೆ ಎಂಜಿನ್ ಒಂದು ಕಡೆ ಎಳೆಯುತ್ತದೆ, ಬ್ರೇಕ್ ಇನ್ನೊಂದು ಕಡೆ ತಡೆಯುತ್ತದೆ. ಹತ್ತಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಬಹುದು. ಮುಟ್ಟಬಾರದು, ಸುಟ್ಟೀತು. ಎಡ ಬಲಗಳಲ್ಲಿ ಒಂದು ಚಕ್ರ ಮಾತ್ರ ತೀರ ಬಿಸಿಯಿದ್ದರೆ ಅದರ ಬ್ರೇಕ್ ಅಥವಾ ಬೇರಿಂಗ್ ಮೇಲೆ ಅನುಮಾನ. ಮೆಕ್ಯಾನಿಕ್ ಜಾಕ್ ಹಾಕಿ ಚಕ್ರ ತಿರುಗಿಸಿದರೆ ನಿಜ ತಿಳಿಯುತ್ತದೆ.

ಆಮೇಲೆ ಎಂಜಿನ್. ಹಳೆಯ ಗಾಡಿ ಕರಿ ಹೊಗೆ ಉಗುಳಿದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲವೆಂದು ಅರ್ಥ. ಧೂಳು ತುಂಬಿದ ಏರ್ ಫಿಲ್ಟರ್ ಗಾಳಿಯನ್ನು ತಡೆದಿರಬಹುದು, ಅಥವಾ ನಾಜಲ್ ಡೀಸೆಲ್ಲನ್ನು ಸಣ್ಣ ಹನಿಗಳಾಗಿ ಸಿಂಪಡಿಸದೆ ಇರಬಹುದು. ಫಿಲ್ಟರಿನ ಖರ್ಚು ಕಡಿಮೆ. ಮೊದಲು ಅದನ್ನೇ ನೋಡಬೇಕು. ಎಂಜಿನ್ ತಂಪಾಗಿರಲಿ ಎಂದು ಕೆಲವರು ಥರ್ಮೋಸ್ಟಾಟ್ ತೆಗೆಸಿಬಿಡುತ್ತಾರೆ. ಇದು ತಪ್ಪು. ಎಂಜಿನ್ ತನ್ನ ಸರಿಯಾದ ಉಷ್ಣತೆಗೆ ಏರದಿದ್ದರೆ ಇಂಧನ ಹೆಚ್ಚು ಬೇಕಾಗುತ್ತದೆ. ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿರಬಹುದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅಲ್ಲಿ ಕೂಡಿದ ಮಸಿಯನ್ನು ಸುಡಲೂ ಡೀಸೆಲ್ ಖರ್ಚಾಗುತ್ತದೆ. ಅದು ಪದೇ ಪದೇ ನಡೆಯುತ್ತಿದ್ದರೆ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಜೋಡಿಸಿ ಪರೀಕ್ಷಿಸಬೇಕು. ಡೀಸೆಲ್ ವಾಸನೆ ಬಂದರಂತೂ ತಡಮಾಡದೆ ಸೋರಿಕೆ ಹುಡುಕಬೇಕು.

ಮುಖ್ಯವಾದ ಮಾತು ಇದು: ಒಂದು ಸಲಕ್ಕೆ ಒಂದೇ ಬದಲಾವಣೆ. ಗಾಳಿ ಸರಿಪಡಿಸಿ ಮೈಲೇಜ್ ಅಳೆಯಬೇಕು. ಸಾಲದಿದ್ದರೆ ಫಿಲ್ಟರ್ ಬದಲಿಸಿ ಮತ್ತೆ ಅಳೆಯಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದೀತು, ಆದರೆ ರೋಗ ಯಾವುದೆಂದು ತಿಳಿಯದು. ಮುಂದಿನ ಸಲ ಮತ್ತೆ ಎಲ್ಲದಕ್ಕೂ ದುಡ್ಡು ತೆರಬೇಕಾಗುತ್ತದೆ. ಸೋರಿಕೆ, ಬ್ರೇಕ್ ದೋಷಗಳು ಮಾತ್ರ ಇದಕ್ಕೆ ಹೊರತು. ಅವು ಪ್ರಾಣದ ಪ್ರಶ್ನೆ, ಕಂಡೊಡನೆ ಸರಿಪಡಿಸಬೇಕು.

ಮಾಡಿ ನೋಡಿ: ವಾಹನ ಓಡಾಡದ ಬಯಲಿನಲ್ಲಿ, ಸಣ್ಣ ಇಳಿಜಾರಿನ ಒಂದೇ ಗುರುತಿನಿಂದ ಸೈಕಲ್ಲನ್ನು ಪೆಡಲ್ ತುಳಿಯದೆ ಬಿಡಿ. ಅದು ಎಲ್ಲಿ ನಿಲ್ಲುವುದೋ ಅಳೆಯಿರಿ. ಟೈರಿನ ಗಾಳಿ ಸ್ವಲ್ಪ ಕಡಿಮೆ ಮಾಡಿ ಮತ್ತೆ ಬಿಡಿ. ಮೂರು ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಪಿಕಪ್ಪಿನ ಡೀಸೆಲ್ ಹೋಗುವ ದಾರಿಗಳಲ್ಲಿ ಒಂದು ನಿಮ್ಮ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ.