ಇಂಜನಿಯರಾಗಹೊರಟ ವಿದ್ಯಾರ್ಥಿಯ ಸಿದ್ಧತೆ

ಪಿ.ಯು. ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಪಟ್ಟಣಗಳ ಮನೆಮನೆಯಲ್ಲಿಯೂ ಒಂದೇ ಮಾತು ಕೇಳಿಬರುತ್ತದೆ. ಹುಡುಗನಿಗೆ ಸಿ.ಇ.ಟಿ.ಯಲ್ಲಿ ಎಷ್ಟನೆಯ ಸ್ಥಾನ ದೊರೆಯಿತು, ಯಾವ ಕಾಲೇಜು ಸಿಕ್ಕೀತು, ಯಾವ ಶಾಖೆ ಲಭಿಸೀತು ಎಂಬುದೇ ಆ ಮಾತು. ಇಂಜನಿಯರಿಂಗ್ ವ್ಯಾಸಂಗವನ್ನು ಏತಕ್ಕಾಗಿ ಕೈಕೊಳ್ಳುವೆ ಎಂದು ಅವನನ್ನು ಕೇಳುವವರು ವಿರಳ. ಕೇಳಿದರೆ ಅವನು ತಂದೆಯ ಮುಖವನ್ನು ನೋಡುವನು. ತಂದೆಯು ನೆರೆಮನೆಯವರ ಮಗನಿಗೆ ಬರುವ ಸಂಬಳವನ್ನು ಹೇಳುವನು. ಇದನ್ನು ನಾವು ಹಾಸ್ಯಕ್ಕಾಗಿ ಬರೆಯುತ್ತಿಲ್ಲ. ಜಮೀನನ್ನು ಅಡವಿಟ್ಟು ಮಗನನ್ನು ಓದಿಸುವ ತಂದೆಯು ಸಂಬಳದ ವಿಚಾರವನ್ನು ಮಾಡದೆ ಇನ್ನಾವುದನ್ನು ಮಾಡಬೇಕು?

ಜೀವನೋಪಾಯವನ್ನು ಅರಸಿ ಈ ವಿದ್ಯೆಗೆ ಬರುವುದು ಹೀನವೆಂದು ನಾವು ಎಂದಿಗೂ ಹೇಳುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು, ಮಕ್ಕಳಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆಯುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದವರು. ಮೈಸೂರು ಸರಕಾರದ ವಿದ್ಯಾರ್ಥಿವೇತನವು ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1884ರಲ್ಲಿ ಅವರು ಮುಂಬಯಿ ಸರಕಾರದ ಸಹಾಯಕ ಇಂಜನಿಯರಾದರು. ಅವರಿಗೂ ಉದ್ಯೋಗವು ಬೇಕಾಗಿತ್ತು. ಆದರೆ ಉದ್ಯೋಗದ ಆಸೆಯೊಂದೇ ನಾಲ್ಕು ವರ್ಷಗಳ ಕಠಿಣವಾದ ಓದನ್ನು ದಾಟಿಸಲಾರದು. ಎರಡನೆಯ ವರ್ಷದ ಗಣಿತವು ಅರ್ಥವಾಗದ ರಾತ್ರಿ ಹುಡುಗನನ್ನು ಪುಸ್ತಕದ ಮುಂದೆ ಕೂಡಿಸುವುದು ನೆರೆಮನೆಯವರ ಸಂಬಳವಲ್ಲ. ಆ ವಸ್ತುವು ಹೇಗೆ ನಡೆಯುತ್ತದೆ ಎಂದು ಅರಿಯುವ ಹಟ.

ಹಟವಿದ್ದವನಿಗೂ ಸಿದ್ಧತೆಯಿಲ್ಲದಿದ್ದರೆ ಫಲವಿಲ್ಲ. ಸಿದ್ಧತೆಯೆಂದರೆ ಇಂದು ಸಿ.ಇ.ಟಿ.ಯ ಸಿದ್ಧತೆಯೆಂದೇ ಅರ್ಥವಾಗಿಬಿಟ್ಟಿದೆ. 80 ನಿಮಿಷಗಳಲ್ಲಿ 60 ಪ್ರಶ್ನೆಗಳು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವುದು. ಸಾವಿರಾರು ವಿದ್ಯಾರ್ಥಿಗಳನ್ನು ಅಳೆಯುವುದಕ್ಕೆ ಇಂಥ ಪರೀಕ್ಷೆ ಅನಿವಾರ್ಯವಿರಬಹುದು. ಆದರೆ ಎರಡು ವರ್ಷ ಉತ್ತರವನ್ನು ಆರಿಸುವುದನ್ನೇ ಕಲಿತವನಿಗೆ ಉತ್ತರವನ್ನು ಕಟ್ಟುವ ಅಭ್ಯಾಸ ತಪ್ಪಿಹೋಗುತ್ತದೆ. ಇಂಜನಿಯರನ ಮುಂದೆ ಯಾರೂ ನಾಲ್ಕು ಉತ್ತರಗಳನ್ನು ತಂದಿಡುವುದಿಲ್ಲ. ಗಣಿತವನ್ನು ಮೂಲದಿಂದ ಕಲಿತವರಿಗೆ ಏನು ಸಾಧ್ಯವೆಂಬುದನ್ನು ಶ್ರೀಮತಿ ರಾಜೇಶ್ವರಿ ಚಟರ್ಜಿಯವರ ಜೀವನವು ತೋರಿಸುತ್ತದೆ. ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತವನ್ನು. ಆ ಬುನಾದಿಯ ಮೇಲೆಯೇ ಅವರು ಅಮೆರಿಕೆಯ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜನಿಯರಿಂಗನ್ನು ಅಭ್ಯಸಿಸಿ, 1953ರಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ವಿಷಯವನ್ನು ಬೋಧಿಸಿದರು. ಹೆಣ್ಣುಮಕ್ಕಳಿಗೆ ಈ ವಿದ್ಯೆ ಒಗ್ಗದೆಂದು ಇಂದಿಗೂ ಗೊಣಗುವ ಹಿರಿಯರು ಇದನ್ನು ಗಮನಿಸಬಹುದು.

ಇನ್ನು ಕೈಯ ವಿಚಾರ. ನಮ್ಮ ಅನೇಕ ಹುಡುಗರು ಪಂಪಿನ ಒಂದು ತಿರುಪನ್ನೂ ಬಿಚ್ಚಿ ನೋಡದೆ ಮೆಕ್ಯಾನಿಕಲ್ ಶಾಖೆಯನ್ನು ಸೇರುತ್ತಾರೆ. ಪ್ರಯೋಗಶಾಲೆಯು ಅವರಿಗೆ ವರ್ಷದ ಕೊನೆಯಲ್ಲಿ ಅಂಕ ಕೊಡುವ ಕೋಣೆ. ಹಳ್ಳಿಯ ಹುಡುಗನು ಈ ಭಾಗದಲ್ಲಿ ಪಟ್ಟಣದವನಿಗಿಂತ ಮುಂದೆ ಇರುವುದನ್ನು ನಾವು ಕಂಡಿದ್ದೇವೆ. ಅವನ ಮನೆಯ ಅಟ್ಟವನ್ನು ಹೊತ್ತ ತೊಲೆಯನ್ನು ಬಡಗಿಯು ಅಗಲಕ್ಕೆ ಮಲಗಿಸಿಲ್ಲ, ಎತ್ತರಕ್ಕೆ ನಿಲ್ಲಿಸಿದ್ದಾನೆ. ಅದನ್ನು ಹುಡುಗನು ದಿನವೂ ನೋಡಿದ್ದಾನೆ. ಅಗಲವು ಅಷ್ಟೇ ಇದ್ದು ತೊಲೆಯ ಎತ್ತರವು ಇಮ್ಮಡಿಯಾದರೆ ಅದು ತಾಳುವ ಭಾರವು ನಾಲ್ಕು ಪಟ್ಟಾಗುತ್ತದೆ, ಅದೇ ಭಾರಕ್ಕೆ ಅದು ಬಾಗುವುದು ಎಂಟರಲ್ಲೊಂದು ಪಾಲಾಗುತ್ತದೆ. ಬಡಗಿಯು ಅನುಭವದಿಂದ ಬಲ್ಲದ್ದನ್ನು ಕಾಲೇಜು ಲೆಕ್ಕದಿಂದ ಹೇಳುವುದು. ಅನುಭವವೂ ಲೆಕ್ಕವೂ ಒಂದೇ ತಲೆಯಲ್ಲಿ ಕೂಡಿದಾಗ ಇಂಜನಿಯರನು ಹುಟ್ಟುವನು. ಕನ್ನಂಬಾಡಿಯ ಕಟ್ಟೆಯು ಸುಣ್ಣ ಮತ್ತು ಇಟ್ಟಿಗೆಯ ಪುಡಿ ಸೇರಿದ ಸುರ್ಕಿ ಗಾರೆಯಿಂದ ಎದ್ದಿತು. ಗಾರೆಯವನ ಜ್ಞಾನವನ್ನು ಕೀಳೆಂದು ಎಣಿಸಿದವರಿಂದ ಅಂಥ ಕೆಲಸವಾಗುತ್ತಿರಲಿಲ್ಲ.

ಆದರೆ ತೊಲೆಯನ್ನು ಬಲ್ಲ ಆ ಹುಡುಗನೇ ಕಾಲೇಜಿನ ಮೊದಲ ತಿಂಗಳಲ್ಲಿ ‘ಬೀಮ್’ ಎಂಬ ಮಾತನ್ನು ಕೇಳಿ ತಲೆತಗ್ಗಿಸಿ ಕೂಡುತ್ತಾನೆ. ಹತ್ತು ವರ್ಷ ಕನ್ನಡದಲ್ಲಿ ಓದಿದವನು ಪಿ.ಯು. ವಿಜ್ಞಾನ ವರ್ಗದಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದು, ಎರಡು ವರ್ಷಗಳನ್ನು ಬಾಯಿಪಾಠದಿಂದ ಕಳೆದು, ಅಲ್ಲಿಗೆ ಬಂದಿರುತ್ತಾನೆ. ಸರಕಾರವು ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸ್ಥಾನಗಳನ್ನು ಕಾದಿರಿಸಿದೆ; ಇದು ನ್ಯಾಯವಾದದ್ದು. ಆದರೆ ಬಾಗಿಲನ್ನು ತೆರೆದ ಮೇಲೆ ಒಳಗೆ ನಡೆಸಿಕೊಂಡು ಹೋಗುವವರಿಲ್ಲ. ಒಳಗೆ ಬಂದವನು ಮೊದಲ ವರ್ಷದಲ್ಲಿಯೇ ಎರಡು ಮೂರು ವಿಷಯಗಳಲ್ಲಿ ನಪಾಸಾದರೆ, ಅವನಿಗೆ ಬುದ್ಧಿ ಸಾಲದೆಂದು ಜನರು ಆಡಿಕೊಳ್ಳುತ್ತಾರೆ. ಬುದ್ಧಿ ಸಾಲದ್ದು ಎಲ್ಲಿ ಎಂಬುದನ್ನು ವಿದ್ಯಾ ಇಲಾಖೆಯು ವಿಚಾರಿಸಿಕೊಳ್ಳಲಿ.

ಶಾಖೆಯ ಆಯ್ಕೆಯ ವಿಷಯದಲ್ಲಿ ನಾವು ಹೆಚ್ಚು ಹೇಳುವುದಿಲ್ಲ. ಎಲ್ಲರೂ ಕಂಪ್ಯೂಟರ್ ಶಾಖೆಗೇ ಮುಗಿಬೀಳುತ್ತಿರುವರು, ಸಿವಿಲ್ ಮತ್ತು ಮೆಕ್ಯಾನಿಕಲ್ ಶಾಖೆಗಳಲ್ಲಿ ಸ್ಥಾನಗಳು ಖಾಲಿ ಉಳಿಯುತ್ತಿವೆ. 1917ರಲ್ಲಿ ಬೆಂಗಳೂರಿನ ಇಂಜನಿಯರಿಂಗ್ ಕಾಲೇಜು ಆರಂಭವಾದದ್ದು ಆ ಎರಡು ಶಾಖೆಗಳಿಂದಲೇ ಎಂಬುದನ್ನು ಮಾತ್ರ ನೆನಪಿಗೆ ತರುತ್ತೇವೆ.

ಸಿ.ಇ.ಟಿ. ಮುಗಿದ ಮೇಲೆ ಕಾಲೇಜು ತೆರೆಯುವವರೆಗೆ ಕೆಲವು ತಿಂಗಳುಗಳು ಪಟ್ಟಿಗಳನ್ನು ಕಾಯುವುದರಲ್ಲಿಯೇ ಕಳೆದುಹೋಗುತ್ತವೆ. ಆ ಕಾಲದಲ್ಲಿ ಆರು ವಾರಗಳ ಪೂರ್ವಸಿದ್ಧತೆಯ ಶಿಬಿರವನ್ನು ಜಿಲ್ಲೆಗೊಂದರಂತೆ ನಡೆಸಬೇಕೆಂಬುದು ನಮ್ಮ ಸೂಚನೆ. ಬೆಳಿಗ್ಗೆ ಗಣಿತ, ಉತ್ತರಗಳನ್ನು ಆರಿಸುವ ಗಣಿತವಲ್ಲ, ಹಂತಹಂತವಾಗಿ ಬರೆಯುವ ಗಣಿತ. ಮಧ್ಯಾಹ್ನ ಸರಕಾರಿ ಪಾಲಿಟೆಕ್ನಿಕ್ಕಿನ ಕರ್ಮಶಾಲೆಯಲ್ಲಿ ಅರ, ಸುತ್ತಿಗೆ, ಅಳತೆಯ ಉಪಕರಣಗಳ ಅಭ್ಯಾಸ ಮತ್ತು ನಕ್ಷೆ ಬರೆಯುವುದು. ಸಂಜೆ ಶಾಸ್ತ್ರದ ಮಾತುಗಳನ್ನು ಕನ್ನಡದಲ್ಲಿ ಅರ್ಥಮಾಡಿಸಿ ಇಂಗ್ಲಿಷಿನಲ್ಲಿ ರೂಢಿಮಾಡಿಸುವುದು. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರಿಗೆ ಕರ್ಮಶಾಲೆಯು ಬೇಡ. ಅವರು ಬೆಳಗಿನ ಗಣಿತಕ್ಕೆ ಬಂದರೆ ಸಾಕು.

ಉಪಾಧ್ಯಾಯರು ಮೌಲ್ಯಮಾಪನದಲ್ಲಿ ತೊಡಗಿರುತ್ತಾರೆ, ಕಲಿಸುವವರಾರು ಎಂದು ಅಧಿಕಾರಿಗಳು ಕೇಳಬಹುದು. ಲೋಕೋಪಯೋಗಿ, ನೀರಾವರಿ ಮತ್ತು ವಿದ್ಯುತ್ ಇಲಾಖೆಗಳಿಂದ ನಿವೃತ್ತರಾದ ಇಂಜನಿಯರುಗಳು ಪ್ರತಿಯೊಂದು ಜಿಲ್ಲಾ ಕೇಂದ್ರದಲ್ಲಿಯೂ ಇದ್ದಾರೆ. ನಮ್ಮ ವಾಚಕರಲ್ಲಿಯೂ ಅಂಥವರು ಅನೇಕರಿರಬೇಕು. ಬೆಳಗಿನ ವಾಯುವಿಹಾರದ ನಂತರ ಎರಡು ಗಂಟೆಗಳನ್ನು ಕೊಡಲು ಅವರಲ್ಲಿ ಯಾರಾದರೂ ಒಲ್ಲೆನೆಂದಾರೆಂದು ನಾವು ನಂಬುವುದಿಲ್ಲ. ಅವರನ್ನು ಕರೆಯಬೇಕಾದವರು ಜಿಲ್ಲೆಯ ಅಧಿಕಾರಿಗಳು. ಬೇಸಗೆಯಲ್ಲಿ ಬೀಗ ಬಿದ್ದಿರುವ ಕರ್ಮಶಾಲೆಗಳ ಕೀಲಿಕೈಗಳೂ ಅವರ ಬಳಿಯಲ್ಲಿಯೇ ಇವೆ.