ಅಂಗಡಿಗೆ ಕೂರಿಸುವ ಮುನ್ನ ಶಾಲೆ ಮುಗಿಸಲಿ

ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಮನೆಮಂದಿಗೆ ನಿದ್ದೆ ಇಲ್ಲ. ಕೊಯ್ದ ಕಾಯಿ ಸುಲಿಯಬೇಕು, ಬೇಯಿಸಬೇಕು, ಬಿಸಿಲಿಗೆ ಹಾಕಬೇಕು. ಚೇಣಿ ಹಿಡಿದವರಿಗೆ ಆಳು ಸಾಲುವುದಿಲ್ಲ. ಆಗ ಹತ್ತನೇ ತರಗತಿಯ ಹುಡುಗನನ್ನೂ ಕರೀತಾರೆ. ಜಗಳೂರಿನ ಕಷ್ಟ ಬೇರೆ. ಮಳೆ ಕೈಕೊಟ್ಟ ವರ್ಷ ಹೆತ್ತವರು ಕೂಲಿ ಹುಡುಕಿ ಹೊರಡ್ತಾರೆ, ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತದೆ. ಹೊನ್ನಾಳಿ, ನ್ಯಾಮತಿಯ ಪೇಟೆಯಲ್ಲಿ ಗ್ಯಾರೇಜು, ಹೋಟೆಲು ಕರೆಯುತ್ತವೆ. ಘಟ್ಟ ಹತ್ತಿ ವ್ಯಾಪಾರಕ್ಕೆ ಕೂತ ನಮ್ಮವರ ಮನೆಗಳಲ್ಲೂ ಇದೇ ಮಾತು: "ಹೇಗೂ ಅಂಗಡಿಯಲ್ಲಿ ಕೂರುವವನು, ಓದಿ ಏನಾಗಬೇಕು?"

ಕೆಲಸ ಕಲಿಯುವುದು ತಪ್ಪಲ್ಲ. ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಸ್ವಲ್ಪ ಕೈಜೋಡಿಸಿದರೆ ಯಾರೂ ಬೇಡ ಅನ್ನುವುದಿಲ್ಲ. ಶಾಲೆಯ ಹೊತ್ತನ್ನೇ ಕೆಲಸಕ್ಕೆ ಕೊಡುವುದು ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಪಾಠ ನಡೆಯಬೇಕು. ವರ್ಷದಲ್ಲಿ ಇರುವುದು 8,760 ಗಂಟೆ. ಅಂದರೆ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಶಾಲೆಯದು. ಅದರಲ್ಲೂ ಒಂದು ತಿಂಗಳ ಪಾಠ ತಪ್ಪಿದರೆ ಗಣಿತ, ವಿಜ್ಞಾನ ಮತ್ತೆ ಕೈಗೆ ಸಿಗುವುದು ಕಷ್ಟ.

ಮುಸ್ಲಿಂ ಸಮುದಾಯದ 6ರಿಂದ 14 ವರ್ಷದ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಗೇ ಹೋಗಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ವರದಿ ಹೇಳಿತ್ತು. ಆಗ ಶಾಲೆ ಬಿಟ್ಟವರು ಇಂದು ತಂದೆಯಾಗಿದ್ದಾರೆ. ಅವರ ಮಕ್ಕಳ ಸರದಿ ಈಗ.

ದುಡಿಮೆಯೇ ಗುರಿ ಅನ್ನುವವರೂ ಲೆಕ್ಕ ಹಾಕಲಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿಯಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎರಡು ವರ್ಷದ ಕೋರ್ಸು. ಮುಗಿಸಿದವನು ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆದು ಅಪ್ರೆಂಟಿಸ್ ಆಗಬಹುದು, ಡಿಪ್ಲೊಮಾದ ಎರಡನೇ ವರ್ಷಕ್ಕೂ ಸೇರಬಹುದು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಹುಡುಗನಿಗೆ ಹತ್ತು ವರ್ಷವಾದರೂ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುವುದಿಲ್ಲ.

ಫೇಲಾದರೂ ದಾರಿ ಮುಚ್ಚಿಲ್ಲ. 2024ರಿಂದ ಎಸ್ಸೆಸ್ಸೆಲ್ಸಿಗೆ ಅದೇ ವರ್ಷ ಪರೀಕ್ಷೆ-2 ಬರೆಯುವ ಅವಕಾಶ ಬಂದಿದೆ. ಇದು ಗೊತ್ತಿಲ್ಲದೆ ಮೇ ತಿಂಗಳಲ್ಲೇ ಮಗನನ್ನು ಕೆಲಸಕ್ಕೆ ಹಚ್ಚಿದ ತಂದೆಯರನ್ನು ನಾವು ಕಂಡಿದ್ದೇವೆ.

ತಪ್ಪು ತಂದೆಯರದ್ದು ಮಾತ್ರವಲ್ಲ, ಮದ್ರಸದಲ್ಲಿ ಕಲಿಸುವ ನಮ್ಮದೂ ಇದೆ. ಮಗು ಎರಡು ದಿನ ಮದ್ರಸಕ್ಕೆ ಬಾರದಿದ್ದರೆ ಮನೆಗೆ ಹೇಳಿ ಕಳಿಸುತ್ತೇವೆ. ಅದೇ ಮಗು ಎರಡು ವಾರ ಶಾಲೆ ತಪ್ಪಿಸಿದರೆ ಕೇಳುವುದಿಲ್ಲ. ಬೆಳಗ್ಗಿನ ಕ್ಲಾಸು ತಡವಾಗಿ ಬಿಟ್ಟು, ಮಕ್ಕಳು ತಿಂಡಿ ಬಿಟ್ಟು ಶಾಲೆಗೆ ಓಡುವುದನ್ನೂ ನೋಡಿ ಸುಮ್ಮನಿದ್ದೇವೆ.

ಇನ್ನಾದರೂ ನಾವು ಮೂರು ಕೆಲಸ ಮಾಡೋಣ. ಮದ್ರಸವನ್ನು ಹೊತ್ತಿಗೆ ಸರಿಯಾಗಿ ಬಿಡೋಣ, ಪರೀಕ್ಷೆಯ ತಿಂಗಳಲ್ಲಿ ಅವಧಿ ಕಡಿಮೆ ಮಾಡೋಣ. ಹಾಜರಿ ಕರೆಯುವಾಗ "ನಿನ್ನೆ ಶಾಲೆಗೆ ಹೋಗಿದ್ದೆಯಾ?" ಎಂದೂ ಕೇಳೋಣ. ಫಲಿತಾಂಶ ಬಂದ ವಾರವೇ ಜಮಾಅತಿನ ಇಬ್ಬರು ಫೇಲಾದವರ ಮನೆಗೆ ಹೋಗಿ ಮರುಪರೀಕ್ಷೆಗೆ ಹೆಸರು ಕಟ್ಟಿಸಲಿ, ಪಾಸಾದವರಿಗೆ ಪಿಯುಸಿ, ಐಟಿಐ ಅರ್ಜಿ ತುಂಬಿಸಿಕೊಡಲಿ.

ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಅಡಿಕೆ ಮುಂದಿನ ವರ್ಷವೂ ಬಿಡುತ್ತದೆ. ಹದಿನೈದರ ವಯಸ್ಸು ಮಾತ್ರ ಹುಡುಗನಿಗೆ ಮತ್ತೆ ಬರುವುದಿಲ್ಲ.