ಜ್ಯೇಷ್ಠಾ ನಕ್ಷತ್ರದ ಮಗ್ಗುಲಲ್ಲಿ ಇನ್ನೊಂದು

ಉತ್ತರ ಕರ್ನಾಟಕದಲ್ಲಿ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವ ಕಾರಹುಣ್ಣಿಮೆ, ಪಂಚಾಂಗದಲ್ಲಿ ಜ್ಯೇಷ್ಠ ಮಾಸದ ಹುಣ್ಣಿಮೆ. ಆ ಇರುಳು ಚಂದ್ರನ ಆಸುಪಾಸಿನಲ್ಲಿ ಕೆಂಡದ ಬಣ್ಣದ ಚುಕ್ಕಿಯೊಂದು ಕಾಣುತ್ತದೆ. ಅದೇ ಜ್ಯೇಷ್ಠಾ. ಮಾಸಕ್ಕೆ ಹೆಸರು ಬಂದದ್ದು ಈ ನೆರೆತನದಿಂದ. ಮಂಗಳನಷ್ಟೇ ಕೆಂಪಗಿರುವುದರಿಂದ ಗ್ರೀಕರು ಇದನ್ನು ಮಂಗಳನ ಎದುರಾಳಿ ಎಂಬರ್ಥದಲ್ಲಿ ಅಂಟಾರೆಸ್ ಎಂದರು.

ಬರಿಗಣ್ಣಿಗೆ ಒಂದಾಗಿ ಕಂಡರೂ ಅಲ್ಲಿರುವುದು ಎರಡು ನಕ್ಷತ್ರ. ಎರಡನೆಯದನ್ನು ತೋರಿಸಿಕೊಟ್ಟದ್ದೂ ಚಂದ್ರನೇ. 1819ರ ಏಪ್ರಿಲ್ 13ರಂದು ವಿಯೆನ್ನಾದಲ್ಲಿ ಯೋಹಾನ್ ಬ್ಯೂರ್ಗ್ ಎಂಬ ಖಗೋಳಜ್ಞ, ಚಂದ್ರನ ಮರೆಗೆ ಸರಿದಿದ್ದ ಜ್ಯೇಷ್ಠಾ ಹೊರಬರುವುದನ್ನೇ ಕಾಯುತ್ತಿದ್ದ. ಮೊದಲು ಕಂಡದ್ದು ಒಂದು ಮಂಕು ಚುಕ್ಕಿ. ಕೆಲವೇ ಸೆಕೆಂಡುಗಳ ನಂತರ ಕೆಂಪು ನಕ್ಷತ್ರ ಥಟ್ಟನೆ ಹೊಳೆಯಿತು. ಚಂದ್ರನಿಗೆ ಗಾಳಿಯ ಹೊದಿಕೆಯಿಲ್ಲ, ಹಾಗಾಗಿ ಅವನ ಅಂಚಿನಲ್ಲಿ ನಕ್ಷತ್ರ ಮೆಲ್ಲಗೆ ಮಸುಕಾಗುವುದಿಲ್ಲ, ದೀಪ ಆರಿಸಿ ಹಚ್ಚಿದಂತೆ ಮಾಯವಾಗಿ ಮರಳುತ್ತದೆ. ಪಶ್ಚಿಮದ ಮಗ್ಗುಲಲ್ಲಿದ್ದ ಜೊತೆಗಾರನನ್ನು ಚಂದ್ರ ಮೊದಲು ಬಿಟ್ಟುಕೊಟ್ಟ, ಅಷ್ಟೇ. ಆ ಕೆಲವು ಸೆಕೆಂಡು ಇವೆರಡನ್ನೂ ಬೇರ್ಪಡಿಸಿತು. ಆಕಾಶ ನೋಡುವವರ ತಾಳ್ಮೆಗೆ ಸಿಕ್ಕ ಇಂಥ ಪ್ರತಿಫಲ ನನಗೆ ಬಹಳ ಪ್ರಿಯ.

ದೂರದರ್ಶಕದಲ್ಲಿ ಈ ಜೊತೆಗಾರ ಹಸಿರೆಂದು ಹಲವರು ಬರೆದಿದ್ದಾರೆ. ಅದು ಕಣ್ಣಿನ ಭ್ರಮೆ. ಕೆಂಪಿನ ಪಕ್ಕದಲ್ಲಿ ನೀಲಿ-ಬಿಳುಪು ಹಾಗೆ ತೋರುತ್ತದೆ. ನಿಜವಾಗಿ ಅದು ಸೂರ್ಯನಿಗಿಂತ ಬಹಳ ಬಿಸಿಯಾದ ನಕ್ಷತ್ರ. ಜ್ಯೇಷ್ಠಾ ಮಾತ್ರ ಸೂರ್ಯನಿಗಿಂತ ತಣ್ಣಗಿನ ಕೆಂಪು ಮಹಾದೈತ್ಯ, ಸುಮಾರು 550 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಅಗಲ ಸೂರ್ಯನ ಸುಮಾರು 700 ಪಟ್ಟು. ಸೂರ್ಯನ ಜಾಗದಲ್ಲಿಟ್ಟರೆ ಭೂಮಿಯಷ್ಟೇ ಅಲ್ಲ, ಮಂಗಳನ ಕಕ್ಷೆಯೂ ಅದರ ಒಡಲೊಳಗೆ. ಜೊತೆಗಾರ ಅದನ್ನು ಒಂದು ಸುತ್ತು ಹಾಕಲು ಸಾವಿರ ವರ್ಷಕ್ಕೂ ಹೆಚ್ಚು ಬೇಕು.

ಜ್ಯೇಷ್ಠ ಎಂದರೆ ಹಿರಿಯ. ವಯಸ್ಸಿನ ಲೆಕ್ಕದಲ್ಲಿ ಈ ಹೆಸರು ತಿರುಗಾಮುರುಗಾ. ಸೂರ್ಯನಿಗೆ 460 ಕೋಟಿ ವರ್ಷ, ಇದಕ್ಕೆ ಒಂದೆರಡು ಕೋಟಿ ವರ್ಷ ಮಾತ್ರ. ಆದರೆ ತೂಕದ ನಕ್ಷತ್ರಕ್ಕೆ ಆಯುಸ್ಸು ಕಡಿಮೆ, ಇಂಧನವನ್ನು ಅದು ಧಾರಾಳವಾಗಿ ಸುಡುತ್ತದೆ. ಒಟ್ಟಿಗೇ ಹುಟ್ಟಿದ ಅವಳಿಗಳಲ್ಲಿ ಹಗುರಾದದ್ದು ಇನ್ನೂ ಯೌವನದಲ್ಲಿದೆ, ಭಾರದ್ದು ಉಬ್ಬಿ ಕೆಂಪಾಗಿ ಮುಪ್ಪಿನ ಅಂಚಿಗೆ ಬಂದಿದೆ. ಮುಂದೊಂದು ದಿನ ಅದು ಸೂಪರ್‌ನೋವಾ ಆಗಿ ಸಿಡಿಯಲಿದೆ. ಆ ದಿನ ಮುಂದಿನ ಹತ್ತು ಲಕ್ಷ ವರ್ಷಗಳಲ್ಲಿ ಯಾವಾಗಲಾದರೂ ಬರಬಹುದು. ಮನೆಯ ಹಿರಿಯನ ಪಟ್ಟ ಅದಕ್ಕೆ ಈ ಲೆಕ್ಕದಲ್ಲಿ ಒಪ್ಪುತ್ತದೆ.

ವಿಯೆನ್ನಾದಲ್ಲಿ ಜ್ಯೇಷ್ಠಾ ದಿಗಂತದಿಂದ 15 ಡಿಗ್ರಿಯಷ್ಟೇ ಏರುತ್ತದೆ. ಅಷ್ಟು ಕೆಳಗೆ ಗಾಳಿಯ ಕಂಪನ ಜಾಸ್ತಿ. ಬೆಂಗಳೂರಿನಲ್ಲಿ ಅದು 50 ಡಿಗ್ರಿ ಎತ್ತರಕ್ಕೆ ಬರುತ್ತದೆ, ನಮಗೆ ಇದು ದೊಡ್ಡ ಅನುಕೂಲ. ಮುಂಗಾರಿನ ಮೋಡ ಕವಿಯುವ ಮೊದಲು, ಮೇ ತಿಂಗಳ ನಡುರಾತ್ರಿ, ಸುಮಾರು ಆರು ಇಂಚಿನ ದೂರದರ್ಶಕವನ್ನು ದಕ್ಷಿಣಕ್ಕೆ ತಿರುಗಿಸಿ. ಗಾಳಿ ನಿಶ್ಚಲವಾಗುವ ಗಳಿಗೆಗೆ ಕಾಯಿರಿ. ಕೆಂಪು ಬೆಳಕಿನ ಪಶ್ಚಿಮದ ಅಂಚಿನಲ್ಲಿ, ಕಂಡೂ ಕಾಣದಂತೆ, ಆ ಸಣ್ಣ ಚುಕ್ಕಿ ಇರುತ್ತದೆ.